ಏಳೂವರೆಯ ದೋಣಿ

ಬೆಂಗ್ರೆಯ ಕಡವಿನಲ್ಲಿ ಇಳಿಯುವಾಗಲೇ
ಮಿಸ್ರಿಯಾ ಓದುತ್ತಿರುತ್ತಾಳೆ.
ದೋಣಿ ಅಲುಗಿದರೆ ಪೆನ್ಸಿಲಿನ ಗೆರೆಯೂ ಅಲುಗಿ
'ನೀಲಿ ಆರ್ಥಿಕತೆ' ಎಂಬಲ್ಲಿ
ಸಣ್ಣದೊಂದು ತೆರೆ.

ಟಿಕೆಟು ಹರಿಯುವವ ನಾನು, ಏಳನೇ ಕ್ಲಾಸು.
ಪ್ರಚಲಿತ ವಿದ್ಯಮಾನ ಎಂದರೆ ಎಂಥದು ಎಂದು ಒಮ್ಮೆ ಕೇಳಿದ್ದೆ.
"ಈಗ ನಡೆಯುವುದು" ಅಂದಿದ್ದಳು, ತಲೆ ಎತ್ತದೆ.
ಮೂರು ವರ್ಷ, ದಿನಕ್ಕೆ ಎಂಟು ನಿಮಿಷ
ಅವಳ ಬಾಯಿಪಾಠ ಕೇಳಿ ಕೇಳಿ
ಹಣಕಾಸು ಆಯೋಗ ನನಗೂ ಗೊತ್ತು,
ರೆಪೋ ದರ ಏರಿದರೆ
ಯಾರ ಮುಖ ಇಳಿಯುತ್ತದೆ ಎಂಬುದೂ.

ಇವತ್ತು: ಮಳೆಗಾಲದ ಮೀನುಗಾರಿಕೆ ನಿಷೇಧ,
ಅರುವತ್ತೊಂದು ದಿನ, ಉದ್ದೇಶ
ಮೀನಿನ ಸಂತಾನಾಭಿವೃದ್ಧಿ.

ಖಾಲಿ ಬುಟ್ಟಿ ಮಡಿಲಲ್ಲಿಟ್ಟ ಜಲಜಕ್ಕ ಕೇಳಿದರು:
"ಅಷ್ಟು ದಿನ ನಾವು ಎಂಥ ತಿನ್ನುವುದು,
ಅದೂ ಬರೆದುಂಟಾ?"

ಪುಟ ತಿರುಗಿಸಿ ನೋಡಿದಳು, ಪಾಪ, ನಿಜಕ್ಕೂ.
"ಉಂಟು ಅಕ್ಕ. ಉಳಿತಾಯ ಮತ್ತು ಪರಿಹಾರ ಯೋಜನೆ."
"ಉಂಟು ಉಂಟು," ಅಂದರು ಜಲಜಕ್ಕ,
"ಪುಸ್ತಕದಲ್ಲಿ."

ಯಾರೋ ನಕ್ಕರು. ಇಂಜಿನ್ನು ಕೆಮ್ಮಿತು.
ಮಿಸ್ರಿಯಾ ನಗಲಿಲ್ಲ.
"ಪಾಸ್‌ಬುಕ್ಕು ಯಾರ ಹೆಸರಲ್ಲಿ? ಅರ್ಜಿ ಕೊಟ್ಟದ್ದು ಯಾವಾಗ?
ಹಿಂಬರಹ ಬಂತಾ?"
ಒಂದೊಂದಾಗಿ ಕೇಳಿ
ಅಂಚಿನಲ್ಲಿ ಬರೆದುಕೊಂಡಳು.
ಈ ಸಲ ಗೆರೆ ಅಲುಗಲಿಲ್ಲವೋ,
ನಾನು ಗಮನಿಸಲಿಲ್ಲವೋ.

ಬಂದರು ಬಂತು. ಹಗ್ಗ ಎಸೆದೆ.
ಇಬ್ಬರೂ ಲೈಬ್ರರಿಯ ದಾರಿ ಬಿಟ್ಟು
ಮೀನುಗಾರಿಕೆ ಇಲಾಖೆಯ ಕಡೆಗೆ ತಿರುಗಿದರು,
ಬುಟ್ಟಿಯೊಳಗೆ ಪುಸ್ತಕ.