ಎರಡು ಹದಿನೈದು

ಫಹಾಹೀಲಿನ ನಮ್ಮ ಕೋಣೆಯ ಕ್ಯಾಲೆಂಡರಿನಲ್ಲಿ
ಈ ಸಲ ಎರಡೂ ಒಂದೇ ಚೌಕದಲ್ಲಿ ಕೂತಿವೆ:
ದೊಡ್ಡಕ್ಷರದಲ್ಲಿ ಆಗಸ್ಟ್ ಹದಿನೈದು,
ಕೆಳಗೆ ಸಣ್ಣದಾಗಿ ರಂಜಾನ್ ಹದಿನೈದು.
ಊರಲ್ಲಿ ಮಾತ್ರ ಇನ್ನೂ ಹದಿನಾಲ್ಕನೇ ರೋಜಾ.
ಸವಣೂರಿಗೆ ಚಂದ್ರ ಒಂದು ದಿನ ತಡವಾಗಿ ಬರುತ್ತಾನೆ,
ಹುಬ್ಬಳ್ಳಿಯ ಕೊನೇ ಬಸ್ಸಿನ ಹಾಗೆ.

ನಸುಕಿಗೇ ಕಂಪನಿಯ ಪಿಕಪ್ ಕೇಳಿ ತಂದು
ಕಡಪದ ಓಬಯ್ಯನ ಜೊತೆ ರಾಯಭಾರ ಕಚೇರಿಗೆ ಹೋದೆ.
ಧ್ವಜ ಮೇಲೇರಿತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ.
ಬಿಚ್ಚಿಕೊಂಡರೂ ಹಾರದೆ ಕಂಬಕ್ಕೆ ಒರಗಿ ನಿಂತಿತು,
ಅದಕ್ಕೂ ರೋಜಾ ಇದ್ದ ಹಾಗೆ.
ರಾಷ್ಟ್ರಗೀತೆಯ ಕೊನೆಗೆ ಬರುವಷ್ಟರಲ್ಲಿ
ಒಣಗಿದ ಗಂಟಲು ಒಡೆದು ಬೇರೆ ಯಾರದೋ ದನಿ ಬಂತು.
ಹೊರಬರುವಾಗ ಎಲ್ಲರ ಕೈಗೂ ಒಂದೊಂದು ಲಾಡು.
ಬಾಯಿಗೆ ಹಾಕಿಕೊಂಡ ಓಬಯ್ಯ ನನ್ನ ಮುಖ ನೋಡಿ
ಅಗಿಯುವುದನ್ನು ನಿಲ್ಲಿಸಿದ.
'ತಿನ್ನಪಾ, ಅದಕ್ಕೇನು' ಅಂದೆ.
ನನ್ನದನ್ನು ಟಿಶ್ಯೂದಲ್ಲಿ ಸುತ್ತಿ ಅಂಗಿಯ ಕಿಸೆಗೆ ಇಳಿಸಿದೆ.

ಮೂವತ್ತಮೂರು ವರ್ಷಕ್ಕೊಮ್ಮೆ ರಂಜಾನು ಸುತ್ತಿ ಬಂದು
ಹಳೆಯ ಹೆಜ್ಜೆಯ ಮೇಲೇ ಕಾಲಿಡುತ್ತದಂತೆ.
ಹಿಂದಿನ ಸುತ್ತಿನಲ್ಲಿ ನಾನು ಮೂರನೇ ಇಯತ್ತೆ.
ಅಂದೇ ನನ್ನ ಮೊದಲ ರೋಜಾ. ಝಂಡಾಕಟ್ಟೆಯ ಮುಂದೆ
ಲಾಡು ಹಿಡಿದು ಪೆಚ್ಚಾಗಿ ನಿಂತವನನ್ನು
ನೀಲಗಂಗಕ್ಕೋರು ಏನೂ ಕೇಳಲಿಲ್ಲ.
ಹಳೆಯ ಪರೀಕ್ಷೆಯ ಹಾಳೆ ಹರಿದು ಸುತ್ತಿಕೊಟ್ಟು
ಮೇಲೆ ಮಸಿಯಲ್ಲಿ ಬರೆದರು: ಮಕ್ತುಮ, ಸಂಜಿಗೆ.
ಸಂಜೆ ಪುರಸಭೆಯ ಸೈರನ್ ಕೂಗಿದಾಗ ಬಿಚ್ಚಿದರೆ
ಮಸಿ ಹಾಳೆ ದಾಟಿ, ಪಾಕಕ್ಕೆ
ನನ್ನ ಹೆಸರು ಉಲ್ಟಾ ಅಂಟಿತ್ತು.
ಹೆಸರಿನ ಸಮೇತ ತಿಂದೆ.

ಈಗ ಅಬು ಹಲೀಫಾದ ಏಳನೇ ಮಹಡಿಯ ತಾರಸಿ.
ಏಸಿಯ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದೇನೆ,
ಪಾನಾ ಮುಟ್ಟಿದರೆ ಚುರುಕ್.
ಒಳಗಿನವರ ರೋಜಾ ತಂಪಾಗಿ ಕಳೆಯಲೆಂದು
ಹೊರಗೆ ನಾನು ಬೇಯುತ್ತೇನೆ;
ಇದೂ ಇಬಾದತ್ತೇ ಅನ್ನುತ್ತಾನೆ ಮಿಸ್ರಿ ಫೋರ್‌ಮನ್,
ನೆರಳಲ್ಲಿ ನಿಂತು.
ಅವನಿಗೆ ನನ್ನ ಹೆಸರು ಬೇಕಿಲ್ಲ. 'ಯಾ ಹಿಂದಿ' ಅಂದರೆ ನಾನೇ.
ಹಿಂದಿ ಸರಿಯಾಗಿ ಬಾರದವನಿಗೆ,
ಇಂದಿಗೂ ಕನ್ನಡದಲ್ಲೇ ಮಗ್ಗಿ ಹೇಳಿ ಸಂಬಳ ಎಣಿಸುವವನಿಗೆ
ಈ ಬಿರುದು!
ಆದರೂ ಸುಳ್ಳೇಕೆ, ಕರೆದಾಗ ಬೆನ್ನು ನೆಟ್ಟಗಾಗುತ್ತದೆ.
ಇಲ್ಲಿ ನಾನು ಮೊದಲು ಅದು. ಉಳಿದದ್ದು ಆಮೇಲೆ.

ಎರಡು ವರ್ಷದ ಹಿಂದೆ ರಜೆಗೆ ಹೋದಾಗ
ಅದೇ ಶಾಲೆಯ ಕಟ್ಟೆಯ ಮುಂದೆ
ಎದೆಗೆ ಕಾಗದದ ಬಾವುಟ ಚುಚ್ಚಿಕೊಂಡು ನಿಂತಿದ್ದೆ.
ಜೊತೆಗೆ ಓದಿದವನೇ ಹೆಗಲು ತಟ್ಟಿ ಕೇಳಿದ:
'ನಿಮ್ದು ನಿನ್ನೇನ ಮುಗದಿರಬೇಕಲ್ಲೋ?'
ಎಲ್ಲರೂ ನಕ್ಕರು. ನಾನೂ ನಕ್ಕೆ.
ಗುಂಡುಪಿನ್ನು ಅಂಗಿ ದಾಟಿ ಸ್ವಲ್ಪ ಒಳಗೆ ಹೋಗಿತ್ತು.

ನಾಲ್ಕೂವರೆಗೆ ಮೆಹಮೂದಾಳ ಫೋನು.
ಆ ಕಡೆ ಬಾಣಲೆಯ ಚುಂಯ್,
ಕಡೇ ಮಿರ್ಚಿಗಾಗಿ ಮಕ್ಕಳ ಜಗಳ.
'ನಾವು ರೋಜಾ ಬಿಟ್ವಿ. ನಿಮಗಿನ್ನೂ ಎಷ್ಟೊತ್ತು?'
ಒಂದು ದಿನ ಮುಂದಿರುವವನು
ಎರಡು ತಾಸು ಹಿಂದಿದ್ದೇನೆ.

ಮಗ್ರಿಬ್. ಮಸೀದಿಯ ಹೊರಗೆ ಉದ್ದಕ್ಕೆ ಪ್ಲಾಸ್ಟಿಕ್ ಹಾಸು,
ಖರ್ಜೂರ, ಮಜ್ಜಿಗೆ, ಯಾರದೋ ಪುಣ್ಯದ ಬಿರಿಯಾನಿ.
ಪಕ್ಕದಲ್ಲಿ ಗುಜ್ರಾನ್‌ವಾಲಾದ ಇಫ್ತಿಖಾರ್.
ನಿನ್ನೆ ಅವನದಾಗಿತ್ತು; ಅರ್ಧ ಜಿಲೇಬಿ ಮುರಿದುಕೊಟ್ಟಿದ್ದ,
ಏನೂ ಹೇಳದೆ, ಕೈಗಡ ಕೊಡುವವನಂತೆ.
ಇಂದು ನಾನು ಕಿಸೆಗೆ ಕೈಹಾಕಿದೆ.
ಲಾಡು ಲಾಡಾಗಿ ಉಳಿದಿರಲಿಲ್ಲ,
ಬಿಸಿಲಿಗೆ, ಬೆವರಿಗೆ ಕರಗಿದ ಬೂಂದಿಯ ಮುದ್ದೆ.
ಟಿಶ್ಯೂ ಸಮೇತ ಎರಡು ಮಾಡಿದೆ.
ದೊಡ್ಡ ಚೂರು ಯಾರಿಗೆ ಹೋಯಿತು, ಕೇಳಬೇಡಿ.
ತಿನ್ನುವಾಗ ನಾಲಿಗೆ ಎಲ್ಲೋ ಸ್ವಲ್ಪ ಮಸಿ ಹುಡುಕಿತು.

ರಾತ್ರಿ ಅಂಗಿಯನ್ನು ಎರಡು ಸಲ ಒಗೆದೆ.
ಎದೆಯ ಮೇಲೆ ರೂಪಾಯಿಯಗಲ ತುಪ್ಪದ ಕಲೆ,
ಹೋಗಲಿಲ್ಲ.
ಬೆಳಿಗ್ಗೆ ಫೋರ್‌ಮನ್ ಬೆರಳಿಟ್ಟು ತೋರಿಸಿದ:
'ಯಾ ಹಿಂದಿ, ಏನಿದು?'

'ಕಂಪ್ರೆಸರ್ ಎಣ್ಣೆ' ಅಂದೆ.