ಒಂಬತ್ತರ ಪಟ್ಟಿ

ಸರ್ವೆ ಇಲಾಖೆಯೊಳಗ ಮೂವತ್ತೊಂದು ವರ್ಷ
ಸರಪಳಿ ಎಳೆದವ ನಾನು.
ಹದಿನಾರು ಆಣೆಗೆ ಒಂದು ಸರಪಳಿ,
ಸರಪಳಿ ಚೌಕಕ್ಕ ಒಂದು ಗುಂಟೆ,
ನಲವತ್ತು ಗುಂಟೆಗೆ ಒಂದು ಎಕರೆ.
ನಿದ್ದಿಗಣ್ಣಾಗ ಕೇಳ್ರಿ, ಹೇಳ್ತೀನಿ.

ಈಗ ಕಲಬುರಗಿಯ ಬ್ರಹ್ಮಪುರದಾಗ, ಮಾಳಿಗಿ ಮ್ಯಾಲ,
ರಾತ್ರಿ ಊಟ ಆದ ಕೂಡ್ಲೇ
ರೇಡಿಯೊ ಅಳೀತೀನಿ.
ಮುಳ್ಳು ಒಂದು ಕೂದಲೆಳಿ ಸರಿಸಿದ್ರ
ನಮ್ಮೂರು ದಾಟಿ ಹೈದರಾಬಾದು,
ಅದರಾಚಿ ಗೊತ್ತಿಲ್ಲದ ಯಾವದೋ ಭಾಷಾದಾಗ
ಒಬ್ಬ ಹೆಣ್ಮಗಳು ಕೆಮ್ಮಿ
ಮತ್ತ ಓದಲಿಕ್ಕೆ ಸುರು ಮಾಡ್ತಾಳ.
ಒಂದೊಂದು ಸ್ಟೇಷನ್ನಿಗೆ ಒಂಬತ್ತರ ಪಟ್ಟಿ.
ಕಲ್ಲಿಲ್ಲ, ಬೇಲಿ ಇಲ್ಲ,
ಆದರೂ ಬರೋಬರಿ ಒಂಬತ್ತು.

ಹೋದ ಶ್ರಾವಣದಿಂದ
ನನ್ನ ಸ್ಟೇಷನ್ನಿನ ಎರಡೂ ಬಾಜು
ಒಂದು ಶ್‌ಶ್‌ ಬಂದು ಕುಂತದ.
ಸಿಡಿಲಿನದಲ್ಲ. ಸಿಡಿಲಿಗೆ ಒಂದು ತುದಿ ಇರ್ತದ.
ಬಾಜು ಮನಿ ಇನ್ವರ್ಟರಿನ ಗುಂಯ್ ಅಲ್ಲ,
ಅದು ಕರೆಂಟ್ ಬಂದ ಕೂಡ್ಲೇ ಸುಮ್ಮಾಗ್ತದ.
ಇದು ತೊಗರಿ ಮಿಲ್ಲಿನ ಜರಡಿ ಹಂಗ, ಏಕಸಮ,
ಉಸಿರು ತಗೊಳ್ಳಂಗಿಲ್ಲ.
ಮೊನ್ನೆ ಧಾರಣಿ ಹೇಳುವಾಗ
"ಕ್ವಿಂಟಲಿಗೆ ಏಳು ಸಾವಿರದ" ಅನ್ನುತನಕ ಕೇಳ್ತು.
ಮುಂದಿನ ನೂರುಗಳನ್ನ ಅದು ತಿಂತು.

ಸೆಟ್ಟು ಬಗಲಾಗ ಇಟ್ಕೊಂಡು
ಸೂಪರ್ ಮಾರ್ಕೆಟ್ ಗಲ್ಲಿಯ ಶಮಶೋದ್ದೀನನ ಹತ್ರ ಹೋದೆ.
ಹಿಂದಿನ ಮುಚ್ಚಳ ಬಿಚ್ಚಿದ, ಊದಿದ,
ಒಂದು ಸತ್ತ ಜಿರಳಿ ತೆಗೆದು ಬಿಸಾಕಿ ಅಂದ:
"ಸರ್ವೇರ್ ಸಾಬ್, ಸೆಟ್ಟಿಗಿ ಏನೂ ಆಗಿಲ್ಲ.
ಅದೂ ಒಂದು ಸ್ಟೇಷನ್ನೇ, ಡಿಜಿಟಲ್.
ಮಾತು, ಹಾಡು, ಎಲ್ಲಾ ಅಂಕಿ ಮಾಡಿ
ತೂರಿ ಬಿಡ್ತಾರ.
ಹೊಸಾ ಕಾರಿನೊಳಗ ಕೇಳ್ರಿ,
ಕಂಚಿನ ಗಂಟಿ ಬಡಿದಂಗ ಬರ್ತದ.
ನಿಮ್ಮ ಸೆಟ್ಟಿಗಿ ಆ ಅಕ್ಷರ ಬರಂಗಿಲ್ಲ, ಅಷ್ಟೇ."

"ಮತ್ತ ನನ್ನ ಪಟ್ಟಿಯೊಳಗ ಯಾಕ ಬರಬೇಕು?"

"ಅದು ನಿಂತಿದ್ದು ಬದುವಿನ ಮ್ಯಾಲೇ ರೀ.
ಕಾಲು ತುಸು ಈಚಿಗಿ ಬಿದ್ದಾವ."
ನಕ್ಕ. ಹತ್ತು ರೂಪಾಯಿನೂ ತಗೊಳ್ಳಿಲ್ಲ.

ಆ ಮಾತು ಆಟೋದಾಗ ನನ್ನ ಬಾಜು ಕುಂತು
ಮನಿತನಕ ಬಂತು.

ಹೇಳಿಬಿಡ್ತೀನಿ.
ಈ ಸೆಟ್ಟು ನಾ ಕೊಂಡಿದ್ದಲ್ಲ.
ಕಾಗಿಣಾ ದಂಡಿಯ ಒಂದು ಊರು, ಎಂಬತ್ತಮೂರರ ಬ್ಯಾಸಿಗಿ.
ಚಂದಮ್ಮನ ಹೊಲದ ಬಾಂದಕಲ್ಲು
ನಾಕು ಆಣೆ ಒಳಗ ಸರಿಸಿ ನಕ್ಷಾ ಬರದೆ.
ನಾಕು ಆಣೆ ಅಂದ್ರ ಎಂಟು ಫೂಟು ಚಿಲ್ಲರ,
ಎರಡು ಸಾಲು ಜ್ವಾಳ.
ಬಾಜು ಹೊಲದವ ಸಂಜಿಗಿ
ಟವೆಲ್ಲಿನಾಗ ಸುತ್ತಿ ತಂದುಕೊಟ್ಟ:
ಮೂರು ಬ್ಯಾಂಡು, ಚರ್ಮದ ಚೀಲ ಸಮೇತ.

ಮರುದಿನ ಆಕಿ ಬಂದಳು.
ಬದುವಿನ ಮ್ಯಾಲ ಕುಂತು ಏನೋ ಹೇಳಿದಳು, ಭಾಳೊತ್ತು.
ನಾ ರೇಡಿಯೊ ಹಚ್ಚಿದ್ದೆ.
ಆಕಿ ಹೇಳಿದ್ದೆಲ್ಲಾ ನನಗ
ಬರೀ ಶ್‌ಶ್‌.

ನಿನ್ನೆ ರಾತ್ರಿ ಸೆಟ್ಟು ಎರಡೂ ಕೈಯಾಗ ಹಿಡಿದು
ನಿಂತಲ್ಲೇ ಸುತ್ತ ತಿರುಗಿದೆ,
ಕಂಪಾಸು ಹಿಡಿದವರ ಹಂಗ.
ಒಳಗಿನ ಕರಿ ಕೋಲು ದಿಕ್ಕು ಬದಲಿಸಿದ್ರ
ಸದ್ದು ಏರ್ತದ, ಇಳೀತದ.
ಒಂದು ಕಡಿ ಪೂರಾ ತೆಳ್ಳಗಾತು:
ಏಳು ಸಾವಿರದ ಮುನ್ನೂರು.
ಸೆಟ್ಟಿನ ಮೂತಿ ಕಾಗಿಣಾ ಕಡಿ ಇದ್ದಿದ್ರ
ಕಥಿ ಆಗ್ತಿತ್ತು.
ಇರಲಿಲ್ಲ. ನೀರಿನ ಟಾಕಿ ಕಡಿ ಇತ್ತು.

ಮುಂದೊಂದು ದಿನ ಈ ಹಳೇದನ್ನ ಬಂದ್ ಮಾಡ್ತಾರಂತ.
ಆಗ ಬದುವೂ ಇಲ್ಲ, ತಕರಾರೂ ಇಲ್ಲ,
ಇಡೀ ಹೊಲ ಒಬ್ಬನದೇ.
ಮುಗಿಲಿಗಿ ಪಹಣಿ ಇಲ್ಲ.
ಅರ್ಜಿ ಯಾರಿಗಿ ಕೊಡಲಿ?
ಕೊಟ್ಟರೂ, ಅಳೀಲಿಕ್ಕೆ
ನನ್ನಂಥವನೇ ಬರ್ತಾನ.

ಧಾರಣಿ ಮುಗೀತು.
ಸೆಟ್ಟು ಹೊರಳಿಸಿ
ಆ ಶ್‌ಶ್‌ ಪೂರಾ ಏರಿಸಿದೆ.
ಯಾರಿಗೋ ಅದು ಮಾತು.
ಕುಂತೆ, ಸೆಲ್ಲು ಮುಗಿಯುತನಕ.