ಹಾಲುಮರದ ಪುಟ

ಮಾನಸಗಂಗೋತ್ರಿಯ ಲೈಬ್ರರಿ ಹಿಂದಿನ ಬೈಂಡಿಂಗ್ ಕೋಣೆಗೆ
ಹೊಲಿಗೆ ಬಿಚ್ಚಿದ ಪುಸ್ತಕಗಳು ಬರುತ್ತವೆ,
ಬೆನ್ನು ಮುರಿದವು, ಗೆದ್ದಲು ತಿಂದವು,
ಯಾವನೋ ಬ್ಲೇಡು ಹಾಕಿ ಚಿತ್ರ ಕದ್ದವು.
ನಾನು ಓದುವುದಿಲ್ಲ. ಎಣಿಸುತ್ತೇನೆ.
ಹದಿನಾರು ಪುಟಕ್ಕೊಂದು ಫಾರಂ,
ಫಾರಮಿಗೆ ಐದು ಹೊಲಿಗೆ,
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ, ಹುಳ ಹಿಡಿಯದ ಹಾಗೆ.

ಆಷಾಢದ ಒಂದು ಮಧ್ಯಾಹ್ನ
ಕೆಂಪು ರಟ್ಟಿನ ದಪ್ಪ ಪುಸ್ತಕದಿಂದ
ಹಾಳೆಯೊಂದು ಜಾರಿ ತೊಡೆಯ ಮೇಲೆ ಬಿತ್ತು:
ಒಂದು ಮರ.
ಕೊಂಬೆಕೊಂಬೆಗೂ ಕಾಯಿ ಬಿಟ್ಟ ಹಾಗೆ ಮೊಲೆ.
ಕೆಳಗೆ ಕೂಸುಗಳು, ಹತ್ತೋ ಹನ್ನೊಂದೋ,
ಬಾಯಿ ಮೇಲೆ ಮಾಡಿ ಕೂತಿವೆ.

ಕ್ಯಾಟಲಾಗಿನ ಸಿದ್ದಲಿಂಗಸ್ವಾಮಿಯವರನ್ನು ಕೇಳಿದೆ.
ಕನ್ನಡಕ ಹಣೆಗೇರಿಸಿ, ಓದಿ ಹೇಳಿದರು:
ಮೆಕ್ಸಿಕೊದ ಹಳೇ ಜನ, ಅಜ್ಟೆಕರು ಅಂತ.
ಸತ್ತವರಿಗೆಲ್ಲ ಅಲ್ಲಿ ಒಂದೇ ದಾರಿಯಲ್ಲವಂತೆ.
ಪಾಪಪುಣ್ಯ ಯಾರೂ ತೂಗುವುದಿಲ್ಲ,
ಹೇಗೆ ಸತ್ತರು ಅನ್ನುವುದೇ ಲೆಕ್ಕ.
ನೀರಲ್ಲಿ ಹೋದವರು ಮಳೆದೇವರ ಹಸಿರು ಸೀಮೆಗೆ.
ಹೆರಿಗೆಯಲ್ಲಿ ಹೋದವಳು ಯುದ್ಧದಲ್ಲಿ ಮಡಿದವಳ ಸಮ,
ನಡುಹಗಲಿಂದ ಮುಳುಗುವ ತನಕ
ಸೂರ್ಯನನ್ನು ಹೊತ್ತು ನಡೆಯುತ್ತಾಳೆ.
ಮುಪ್ಪಿಗೆ, ಜ್ವರಕ್ಕೆ ಹೋಗುವ ನಮ್ಮಂಥವರಿಗೆ
ನಾಲ್ಕು ವರ್ಷದ ನಡಿಗೆ, ಒಂಬತ್ತು ಲೋಕ:
ಒಂದಕ್ಕೊಂದು ಢಿಕ್ಕಿ ಹೊಡೆಯುವ ಬೆಟ್ಟ,
ಚೂರಿಯಂತೆ ಸೀಳುವ ಗಾಳಿ,
ಹೊಳೆ ದಾಟಿಸಲು ಒಂದು ಕೆಂದ ನಾಯಿ.

'ಕೂಸುಗಳಿಗೆ?'
'ಅವಕ್ಕೆ ನಡಿಗೆ ಇಲ್ಲಮ್ಮ.
ಮೊಲೆ ಬಿಡುವ ಮೊದಲೇ ಹೋದವು ಈ ಮರದ ಕೆಳಗೆ.
ಚಿಚಿವಾಲ್‌ಕ್ವೌಕೊ.
ಚಿಚಿ ಅಂದರೆ ಮೊಲೆ ಅಂತ ಇಲ್ಲಿ ಬರೆದಿದೆ.'
ಹೇಳಿ, ಮುಖ ಆ ಕಡೆ ಮಾಡಿದರು.

ನಮ್ಮೂರಲ್ಲಿ ಛೀ ಛೀ ಅಂದಿದ್ದರು,
ಪಾಂಡವಪುರದ ಆಚೆ, ನಾಲೆ ಪಕ್ಕದ ಊರಲ್ಲಿ,
ಕೂಸು ಕಳಕೊಂಡವಳು
ನೆನೆದ ರವಿಕೆಯಲ್ಲೇ ಜಗುಲಿಗೆ ಬಂದಾಗ.
ಅತ್ತೆ ಚಿಕ್ಕತಾಯಮ್ಮ ನಾಲ್ಕು ಮೊಳ ಮಲ್ಲಿಗೆ ತಂದು
ಎದೆಗೆ ಬಿಗಿದು ಕಟ್ಟಿದಳು, ಹಾಲು ಬತ್ತಲಿ ಅಂತ.
ಆವತ್ತಿಂದ ಆ ಹೂವಿಗೆ
ನನ್ನ ಮೂಗಿನಲ್ಲಿ ಬೇರೆ ವಾಸನೆ.

ಒಂಬತ್ತು ದಿನದ್ದು.
ಹನ್ನೊಂದಕ್ಕೆ ಹೆಸರಿಡಬೇಕಿತ್ತು.
ಹೊತ್ತು ಮೂಡುವ ಮೊದಲೇ ಟವಲಿನಲ್ಲಿ ಸುತ್ತಿ
ಬೋರೇಶನೂ ನನ್ನಣ್ಣನೂ
ನಾಲೆ ಏರಿಯ ಅತ್ತಿಮರದ ಬುಡಕ್ಕೆ ಒಯ್ದರು.
ಮೂರನೆಯ ದಿನ ನಾನೇ ಕೇಳಿದೆ, ಹಾಲುತುಪ್ಪ ಯಾವಾಗ?
'ಅದಕ್ಯಾಕವ್ವ ಆಲುತುಪ್ಪ? ಅನ್ನ ಉಣ್ಣದ್ದು.'
ಹಾಲಿಗಾಗಿ ಅತ್ತದ್ದಕ್ಕೆ ಹಾಲಿಲ್ಲ.
ಹಾಲಿದ್ದವಳಿಗೆ ಮಲ್ಲಿಗೆ.

ಅತ್ತಿಯ ತೊಗಟೆ ಗೀರಿದರೆ ಹಾಲು ಬರುತ್ತದೆ.
ಅಷ್ಟನ್ನೇ ಹಿಡಕೊಂಡು ಹನ್ನೆರಡು ವರ್ಷ ದೂಡಿದೆ.
ಹೋದ ಬೇಸಗೆ ನಾಲೆಗೆ ಸಿಮೆಂಟು ಹಾಕಿದರು,
ಏರಿ ಅಗಲ ಮಾಡಿದರು.
ಜೆಸಿಬಿಯವನು ಒಳ್ಳೆಯವನೇ,
'ಇಲ್ಲೇನಾದ್ರೂ ಐತಾ?' ಅಂತ ಕೇಳಿದನಂತೆ.
'ಏನೂ ಇಲ್ಲ' ಅಂದರಂತೆ.

ಆಮೇಲೆ ಇನ್ನೊಂದು ಸಾಲು ಓದಿದರು
ಸಿದ್ದಲಿಂಗಸ್ವಾಮಿ, ಮೆಲ್ಲಗೆ:
ಈ ಲೋಕ ಮುಗಿದಾಗ
ಮತ್ತೆ ಹುಟ್ಟಿ ಬರುವುದು ಆ ಕೂಸುಗಳೇ,
ಅಲ್ಲೀತನಕ ಕಾಯುತ್ತವೆ, ಹಾಲು ಕುಡಿಯುತ್ತ.
ಲೋಕ ಮುಗಿಯುವುದು ನನಗೇನೂ ಬೇಕಿರಲಿಲ್ಲ.
ಕುಡಿಯುತ್ತ, ಅನ್ನುವ ಮಾತು ಸಾಕಿತ್ತು.

ಹಾಳೆಯನ್ನು ಸೆರಗಿಗೆ ಸೇರಿಸಬಹುದಿತ್ತು.
ಯಾರು ಕೇಳುತ್ತಿದ್ದರು,
ಬ್ಲೇಡಿನವನ ಲೆಕ್ಕಕ್ಕೆ ಹೋಗುತ್ತಿತ್ತು.
ಮನೆಯ ಟ್ರಂಕಿನಲ್ಲಿ ಮತ್ತೆ ಕತ್ತಲೆಯೇ ಅದಕ್ಕೆ.
ಇದ್ದಲ್ಲಿಗೇ ಇಟ್ಟೆ. ಅಂಚಿಗೆ ಅಂಟು ಎಳೆಯುವಾಗ
ಕುಂಚದಿಂದ ಬಿಳಿಯ ಹನಿಯೊಂದು
ತುದಿಯಲ್ಲಿ ಕೂತ ಕೂಸಿನ ಬಾಯಿ ಮೇಲೆ ಬಿತ್ತು.

ಮೈಲುತುತ್ತ. ವಿಷ ಅಲ್ಲವೇ ಅದು!
ಗಾಬರಿಯಲ್ಲಿ ಸೆರಗಿನ ತುದಿ ಉಗುಳಿನಲ್ಲಿ ನೆನೆಸಿ
ಬಾಯಿ ಒರೆಸಿದೆ,
ಮತ್ತೆ ಒರೆಸಿದೆ.

ಆ ಫಾರಮಿಗೆ ಮಾತ್ರ ಹೊಲಿಗೆ ಕೊಂಚ ಸಡಿಲ ಬಿಟ್ಟಿದ್ದೇನೆ.
ಕೆಲಸ ಬಲ್ಲವರಿಗೆ ಗೊತ್ತು,
ಅಂಥ ಪುಸ್ತಕವನ್ನು ಯಾರು ಕೈಗೆತ್ತಿಕೊಂಡರೂ
ಅದು ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ.